ಪದಕದ ಜೊತೆ ಎತ್ತಿದ ತೂಕವನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಹೊರದೇಶದಲ್ಲಿ ನಡೆದ ಅಂತರರಾಷ್ಟ್ರೀಯ ಪವರ್‌ಲಿಫ್ಟಿಂಗ್ ಚಾಂಪಿಯನ್‌ಷಿಪ್‌ನಿಂದ ನಮ್ಮ ತಂಡ ಮರಳಿದ ಸುದ್ದಿಯನ್ನು ಕಳೆದ ವಾರ ನಿಮ್ಮ ಕ್ರೀಡಾಪುಟದಲ್ಲಿ ಪ್ರಕಟಿಸಿದ್ದೀರಿ. ನಾನು ಆ ತಂಡದ ಸಹಾಯಕ ತರಬೇತುದಾರ. ಈ ಆಟಕ್ಕೆ ಪತ್ರಿಕೆಯಲ್ಲಿ ಜಾಗ ಸಿಗುವುದೇ ಅಪರೂಪ. ಅದಕ್ಕಾಗಿ ತಂಡದ ಎಲ್ಲರ ಪರವಾಗಿ ವಂದನೆಗಳು. ಆದರೆ ವರದಿಯನ್ನು ಓದಿ ಮುಗಿಸಿದ ಮೇಲೆ ಸುಮ್ಮನಿರಲು ಮನಸ್ಸು ಒಪ್ಪಲಿಲ್ಲ. ಯಾರು ಎಷ್ಟು ಪದಕ ತಂದರು ಎಂಬ ವಿವರ ಅದರಲ್ಲಿದೆ. ಯಾರು ಎಷ್ಟು ತೂಕ ಎತ್ತಿದರು ಎಂಬುದು ಹುಡುಕಿದರೂ ಸಿಗುವುದಿಲ್ಲ. ನೂರು ಮೀಟರ್ ಓಟದ ವರದಿಯಲ್ಲಿ ಓಡಿದವರ ಸಮಯವನ್ನು ಬಿಟ್ಟು ಯಾರೂ ಬರೆಯುವುದಿಲ್ಲ. ಭಾರ ಎತ್ತುವುದೇ ಆಟವಾಗಿರುವಲ್ಲಿ ಭಾರದ ಲೆಕ್ಕವನ್ನು ಹೇಗೆ ಬಿಡುತ್ತೀರಿ?

ಮೊದಲು ಒಂದು ಸಣ್ಣ ತಿದ್ದುಪಡಿ. ಶೀರ್ಷಿಕೆಯಲ್ಲಿ ವೇಟ್‌ಲಿಫ್ಟಿಂಗ್ ಎಂದಿತ್ತು. ಅದು ಒಲಿಂಪಿಕ್ಸ್‌ನಲ್ಲಿ ಇರುವ ಬೇರೆ ಆಟ. ಅಲ್ಲಿ ಸ್ನ್ಯಾಚ್ ಹಾಗೂ ಕ್ಲೀನ್ ಅಂಡ್ ಜರ್ಕ್ ಎಂಬ ಎರಡು ಲಿಫ್ಟ್‌ಗಳಿದ್ದು, ಎರಡರಲ್ಲೂ ಬಾರ್, ಅಂದರೆ ತೂಕ ಪೋಣಿಸಿದ ಸರಳು, ತಲೆಯ ಮೇಲೆ ಹೋಗಬೇಕು. ನಮ್ಮದರಲ್ಲಿ ಸ್ಕ್ವಾಟ್ (ಬಾರ್ ಹೆಗಲ ಮೇಲೆ ಹೊತ್ತು ಕೂತು ಏಳುವುದು), ಬೆಂಚ್ ಪ್ರೆಸ್ (ಬೆಂಚಿನ ಮೇಲೆ ಮಲಗಿ ಎದೆಯಿಂದ ಮೇಲಕ್ಕೆ ತಳ್ಳುವುದು), ಡೆಡ್‌ಲಿಫ್ಟ್ (ನೆಲದಿಂದ ಎತ್ತಿ ನೆಟ್ಟಗೆ ನಿಲ್ಲುವುದು) ಎಂಬ ಮೂರು ಲಿಫ್ಟ್‌ಗಳಿವೆ. ಒಂದೊಂದಕ್ಕೂ ಮೂರು ಅವಕಾಶ. ಪ್ರತಿ ಲಿಫ್ಟ್‌ನಲ್ಲಿ ಯಶಸ್ವಿಯಾದ ಅತಿ ಹೆಚ್ಚಿನ ತೂಕವನ್ನು ಕೂಡಿಸಿದರೆ ಬರುವುದೇ ಸ್ಪರ್ಧಿಯ ಟೋಟಲ್. ಸ್ಥಾನ ನಿರ್ಧಾರವಾಗುವುದು ಆ ಟೋಟಲ್‌ನಿಂದ. ಯಾವುದಾದರೂ ಒಂದು ಲಿಫ್ಟ್‌ನಲ್ಲಿ ಮೂರೂ ಅವಕಾಶ ವ್ಯರ್ಥವಾದರೆ ಟೋಟಲ್ ಇಲ್ಲ, ಸ್ಥಾನವೂ ಇಲ್ಲ. ಅದನ್ನು ನಾವು ಬಾಂಬ್ ಔಟ್ ಎನ್ನುತ್ತೇವೆ.

ಈಗ ಪದಕದ ವಿಷಯಕ್ಕೆ ಬರುತ್ತೇನೆ. ಇಂಟರ್‌ನ್ಯಾಷನಲ್ ಪವರ್‌ಲಿಫ್ಟಿಂಗ್ ಫೆಡರೇಷನ್, ಅಂದರೆ ಐಪಿಎಫ್, 1972ರಲ್ಲಿ ಸ್ಥಾಪನೆಯಾಯಿತು. ಅದರ ನಿಯಮದಡಿ ಸೀನಿಯರ್ ವಿಭಾಗದಲ್ಲಿ ಪುರುಷರಿಗೆ ಎಂಟು, ಮಹಿಳೆಯರಿಗೆ ಎಂಟು ದೇಹತೂಕದ ವರ್ಗಗಳಿವೆ. ಅದರ ಜೊತೆಗೆ ವಯಸ್ಸಿಗೆ ತಕ್ಕಂತೆ ಸಬ್ ಜೂನಿಯರ್, ಜೂನಿಯರ್, ಮತ್ತೆ ನಲವತ್ತು ದಾಟಿದವರಿಗೆ ಮಾಸ್ಟರ್ಸ್, ಅದರಲ್ಲೇ ನಾಲ್ಕು ಹಂತಗಳು. ಇಷ್ಟನ್ನೂ ಬಿಗಿ ಉಡುಪಿನ ನೆರವಿಲ್ಲದ ಕ್ಲಾಸಿಕ್ ಮತ್ತು ಆ ನೆರವಿರುವ ಇಕ್ವಿಪ್ಡ್ ಎಂದು ಎರಡು ಪಾಲು ಮಾಡಿ. ಮೂರೂ ಲಿಫ್ಟ್‌ಗಳ ಸ್ಪರ್ಧೆ ಒಂದು ಕಡೆಯಾದರೆ ಬೆಂಚ್ ಪ್ರೆಸ್ ಒಂದಕ್ಕೇ ಇನ್ನೊಂದು ಚಾಂಪಿಯನ್‌ಷಿಪ್ ಉಂಟು. ಈ ಒಂದೇ ಸಂಸ್ಥೆಯಲ್ಲಿ ನೂರಾರು ವಿಶ್ವ ಚಾಂಪಿಯನ್ ಸ್ಥಾನಗಳಿವೆ ಎಂದರೆ ಲೆಕ್ಕ ತಪ್ಪಾಗದು. ಮೂರು ಲಿಫ್ಟ್‌ಗಳಿಗೂ ಟೋಟಲ್‌ಗೂ ಬೇರೆ ಬೇರೆ ಪದಕ ಕೊಡುವುದರಿಂದ ಒಬ್ಬರೇ ಒಂದು ಮಧ್ಯಾಹ್ನದಲ್ಲಿ ನಾಲ್ಕು ಪದಕ ಗೆಲ್ಲಬಹುದು. ಇದಲ್ಲದೆ ತಮ್ಮದೇ ನಿಯಮ, ತಮ್ಮದೇ ವಿಶ್ವ ಚಾಂಪಿಯನ್‌ಷಿಪ್ ಇರುವ ಬೇರೆ ಫೆಡರೇಷನ್‌ಗಳು ಹಲವಾರಿವೆ. ಇಷ್ಟೆಲ್ಲ ಇರುವಾಗ ಬರೀ 'ಚಿನ್ನ ಗೆದ್ದರು' ಎಂದು ಬರೆದರೆ ಓದುಗರಿಗೆ ಏನು ತಿಳಿದಂತಾಯಿತು? ಒಂದು ವರ್ಗದಲ್ಲಿ ಇಪ್ಪತ್ತು ಮಂದಿ ಸೆಣಸಿರುತ್ತಾರೆ, ಇನ್ನೊಂದರಲ್ಲಿ ಒಬ್ಬರೇ ಹೆಸರು ಕೊಟ್ಟಿರುತ್ತಾರೆ. ಎರಡರ ಪದಕವೂ ಫೋಟೊದಲ್ಲಿ ಒಂದೇ ಥರ ಹೊಳೆಯುತ್ತದೆ.

ನಿಮ್ಮ ವರದಿಯಲ್ಲಿ ದೊಡ್ಡ ಫೋಟೊ ಬಂದದ್ದು ನಮ್ಮ ತಂಡದ ಅತಿ ಹಿರಿಯ ಸದಸ್ಯರದು. ವಯಸ್ಸು ಎಪ್ಪತ್ತೊಂದು. ಕೊರಳಲ್ಲಿ ನಾಲ್ಕು ಚಿನ್ನ. ಅವರ ವರ್ಗದಲ್ಲಿ ಇದ್ದವರು ಇಬ್ಬರೇ. ಈ ಮಾತನ್ನು ಅವರನ್ನು ಸಣ್ಣವರನ್ನಾಗಿ ಮಾಡಲು ಹೇಳುತ್ತಿಲ್ಲ. ಪತ್ರಿಕೆ ನೋಡಿ ಮೊದಲು ನನಗೆ ಫೋನ್ ಮಾಡಿದವರೇ ಅವರು. "ಎದುರಿಗೆ ಒಬ್ಬರೇ ಇದ್ದರು ಅಂತ ಹಾಕಬಹುದಿತ್ತು. ನಾನು ಎತ್ತಿದ್ದನ್ನೂ ಹಾಕಬಹುದಿತ್ತು" ಎಂದರು. ಅವರು ಎತ್ತಿದ್ದು ಸ್ಕ್ವಾಟ್‌ನಲ್ಲಿ 110 ಕೆ.ಜಿ., ಬೆಂಚ್‌ನಲ್ಲಿ 72.5 ಕೆ.ಜಿ., ಡೆಡ್‌ಲಿಫ್ಟ್‌ನಲ್ಲಿ 150 ಕೆ.ಜಿ. ಎಪ್ಪತ್ತು ದಾಟಿದವರೊಬ್ಬರು ತಮ್ಮ ದೇಹತೂಕದ ಎರಡರಷ್ಟು ಭಾರವನ್ನು ನೆಲದಿಂದ ಎತ್ತಿ ನೆಟ್ಟಗೆ ನಿಂತರು. ನಾಲ್ಕು ಚಿನ್ನಕ್ಕಿಂತ ದೊಡ್ಡ ಸುದ್ದಿ ಅದು. ಮಂಡಿ ನೋವೆಂದು ಕುರ್ಚಿ ಬಿಟ್ಟು ಏಳದ ಓದುಗರೊಬ್ಬರಿಗೆ ಆ 150 ಎಂಬ ಅಂಕಿಯೇ ಸಾಕಾಗುತ್ತಿತ್ತು.

ಅದೇ ವರದಿಯ ಕೊನೆಯಲ್ಲಿ ಇನ್ನೊಂದು ಸಾಲಿದೆ. ಜೂನಿಯರ್ ಮಹಿಳೆಯರ 57 ಕೆ.ಜಿ. ವರ್ಗದ ನಮ್ಮ ಹುಡುಗಿ 'ಏಳನೇ ಸ್ಥಾನಕ್ಕೆ ಕುಸಿದು ನಿರಾಸೆ ಮೂಡಿಸಿದರು' ಎಂದು. ಈ ಪತ್ರ ಬರೆಯಲು ಮುಖ್ಯ ಕಾರಣವೇ ಆ ಸಾಲು. ಆ ದಿನ ಅವಳ ಜೊತೆ ವೇದಿಕೆಯ ಹಿಂದೆ ಇದ್ದವನು ನಾನು. ಏನು ನಡೆಯಿತೆಂದು ಸ್ವಲ್ಪ ವಿವರವಾಗಿ ಹೇಳಲು ಅವಕಾಶ ಕೊಡಿ.

ಹೊರದೇಶದ ಸ್ಪರ್ಧೆಯೆಂದರೆ ಕಷ್ಟ ವಿಮಾನದಿಂದಲೇ ಶುರು. ಗಂಟೆಗಟ್ಟಲೆ ಕೂತು ಪ್ರಯಾಣ ಮಾಡಿದರೆ ಕಾಲು ಊದಿಕೊಳ್ಳುತ್ತದೆ, ಮೈಯಲ್ಲಿ ನೀರು ನಿಲ್ಲುತ್ತದೆ, ಮನೆಯಲ್ಲಿ ಸರಿಯಿದ್ದ ದೇಹತೂಕ ಇಳಿದ ಮೇಲೆ ಹೆಚ್ಚು ತೋರಿಸುತ್ತದೆ. ನಿದ್ದೆಯ ಹೊತ್ತು ತಲೆಕೆಳಗಾಗಿರುತ್ತದೆ. ಬೆಲ್ಟ್, ಶೂ, ಮಂಡಿಗೆ ತೊಡುವ ಸ್ಲೀವ್ಸ್, ಮೈಗಂಟುವ ಉಡುಪಾದ ಸಿಂಗ್ಲೆಟ್ ಇವನ್ನು ನಾವು ಎಂದೂ ದೊಡ್ಡ ಲಗೇಜಿಗೆ ಹಾಕುವುದಿಲ್ಲ, ಕೈಚೀಲದಲ್ಲೇ ಇಟ್ಟುಕೊಳ್ಳುತ್ತೇವೆ. ಬಟ್ಟೆಯ ಪೆಟ್ಟಿಗೆ ಕಳೆದರೆ ಬೇರೆ ಬಟ್ಟೆ ಸಿಗುತ್ತದೆ. ಕಾಲಿಗೆ ಒಗ್ಗಿದ ಶೂ, ಫೆಡರೇಷನ್ ಮಾನ್ಯ ಮಾಡಿದ ಬೆಲ್ಟ್ ಸ್ಪರ್ಧೆಯ ಹಿಂದಿನ ದಿನ ಎಲ್ಲಿ ಸಿಗಬೇಕು? ಬೆಲ್ಟ್ ಹತ್ತು ಸೆಂಟಿಮೀಟರ್‌ಗಿಂತ ಅಗಲವಿರಕೂಡದು, ಹದಿಮೂರು ಮಿಲಿಮೀಟರ್‌ಗಿಂತ ದಪ್ಪವಿರಕೂಡದು. ತಪಾಸಣೆಯ ಮೇಜಿನ ಮೇಲೆ ಪ್ರತಿಯೊಂದನ್ನೂ ತಿರುಗಿಸಿ ನೋಡುತ್ತಾರೆ.

ದೇಹತೂಕ ನೋಡುವುದು ಸ್ಪರ್ಧೆ ಶುರುವಾಗುವ ಎರಡು ಗಂಟೆ ಮೊದಲು, ಅದಕ್ಕಿರುವ ಸಮಯ ಒಂದೂವರೆ ಗಂಟೆ. ಹಿಂದಿನ ದಿನವೇ ತೂಕ ಕೊಟ್ಟು ರಾತ್ರಿಯೆಲ್ಲ ಉಂಡು ಚೇತರಿಸಿಕೊಳ್ಳುವ ಸೌಕರ್ಯ ಈ ನಿಯಮದಲ್ಲಿ ಇಲ್ಲ. ನಮ್ಮ ಹುಡುಗಿ 56.4 ಕೆ.ಜಿ. ತೂಗಿದಳು. ಅಲ್ಲಿಯೇ ಮೂರು ಲಿಫ್ಟ್‌ಗಳ ಮೊದಲ ತೂಕವನ್ನೂ ಸ್ಕ್ವಾಟ್ ಸ್ಟ್ಯಾಂಡಿನ ಎತ್ತರವನ್ನೂ ಬರೆದುಕೊಟ್ಟೆವು.

ಸ್ಕ್ವಾಟ್‌ನಲ್ಲಿ ತೊಡೆಯ ಬುಡ ಮಂಡಿಯ ಮೇಲ್ಭಾಗಕ್ಕಿಂತ ಕೆಳಗಿಳಿಯಬೇಕು. ಕೂದಲೆಳೆಯಷ್ಟು ಮೇಲಿದ್ದರೂ ತೀರ್ಪುಗಾರರು ಬಿಡುವುದಿಲ್ಲ. ಮೂವರು ತೀರ್ಪುಗಾರರಲ್ಲಿ ಇಬ್ಬರಾದರೂ ಬಿಳಿ ದೀಪ ಕೊಟ್ಟರೆ ಲಿಫ್ಟ್ ಸಿಂಧು. ಅವಳು 115, 120, 125 ಮೂರನ್ನೂ ಎತ್ತಿದಳು. ಬೆಂಚ್‌ನಲ್ಲಿ 60, 65 ಆಯಿತು. 67.5ರಲ್ಲಿ ತಳ್ಳುವ ರಭಸಕ್ಕೆ ಪೃಷ್ಠ ಬೆಂಚಿನಿಂದ ಮೇಲೆದ್ದು ಕೆಂಪು ದೀಪ ಬಿತ್ತು. ಬೆಂಚ್ ಪ್ರೆಸ್ ನೋಡುವವರಿಗೆ ಸುಲಭ ಅನಿಸುತ್ತದೆ. ಬಾರ್ ಎದೆಯ ಮೇಲೆ ಅಲುಗಾಡದೆ ನಿಲ್ಲಬೇಕು, 'ಪ್ರೆಸ್' ಎಂಬ ಆಜ್ಞೆ ಬರುವವರೆಗೆ ತಳ್ಳುವಂತಿಲ್ಲ. ಬೆನ್ನನ್ನು ವಿಪರೀತ ಬಿಲ್ಲಿನಂತೆ ಬಾಗಿಸಿ ಬಾರ್ ಚಲಿಸುವ ದೂರವನ್ನು ಕಡಿಮೆ ಮಾಡಿಕೊಳ್ಳುವವರು ಹೆಚ್ಚಾದ್ದರಿಂದ 2023ರಿಂದ ಮೊಣಕೈ ಭುಜದ ಮಟ್ಟಕ್ಕಾದರೂ ಇಳಿಯಲೇಬೇಕೆಂಬ ನಿಯಮ ಬಂದಿದೆ. ಒಳ್ಳೆಯ ನಿಯಮವೆಂದೇ ನನ್ನ ಅಭಿಪ್ರಾಯ.

ಡೆಡ್‌ಲಿಫ್ಟ್ ಹೊತ್ತಿಗೆ ಅವಳ ಮೊತ್ತ 190. ಮೊದಲ ಅವಕಾಶದಲ್ಲಿ 140, ಎರಡನೆಯದರಲ್ಲಿ 147.5 ಬಂತು. ಒಂದು ಲಿಫ್ಟ್ ಮುಗಿದ ಮೇಲೆ ಮುಂದಿನ ತೂಕವನ್ನು ಒಂದೇ ನಿಮಿಷದಲ್ಲಿ ಮೇಜಿಗೆ ತಿಳಿಸಬೇಕು. 152.5 ಎಂದು ಬರೆದುಕೊಟ್ಟೆ. ಅಷ್ಟರಲ್ಲಿ ಅವಳ ಸಮೀಪದ ಎದುರಾಳಿ ತನ್ನ ಎರಡನೇ ಅವಕಾಶದಲ್ಲಿ 157.5 ಎತ್ತಿ ಟೋಟಲ್ ಅನ್ನು 342.5ಕ್ಕೆ ತಂದಳು. ನಮ್ಮವಳು 152.5 ಎತ್ತಿದರೆ ಇವಳದೂ 342.5. ಇಬ್ಬರದು ಸಮವಾದರೆ ದೇಹತೂಕ ಕಡಿಮೆ ಇದ್ದವರು ಮುಂದೆ. ಎದುರಾಳಿ 56.2, ನಮ್ಮವಳು 56.4. ಇನ್ನೂರು ಗ್ರಾಂ! ಮೂರನೇ ಡೆಡ್‌ಲಿಫ್ಟ್‌ನಲ್ಲಿ ಮಾತ್ರ ಘೋಷಿಸಿದ ತೂಕವನ್ನು ಎರಡು ಸಲ ಬದಲಿಸಬಹುದು. ಅವಳ ಮುಖ ನೋಡಿದೆ. ಕೈಗೆ ಪೌಡರ್ ಹಚ್ಚಿಕೊಳ್ಳುತ್ತಾ "155 ಹಾಕಿ ಸರ್" ಎಂದಳು. ತರಬೇತಿಯಲ್ಲೂ ಅವಳು ಎಂದೂ ಎತ್ತದ ತೂಕ ಅದು. ಓಡಿಹೋಗಿ ಬದಲಿಸಿಬಂದೆ.

ಬಾರ್‌ಗೆ ತೂಕ ಹಾಕಿ ಸಿದ್ಧವೆಂದು ಹೇಳಿದ ಮೇಲೆ ಲಿಫ್ಟ್ ಶುರುಮಾಡಲು ಒಂದು ನಿಮಿಷ. ಅವಳು ಅದರಲ್ಲಿ ಮುಕ್ಕಾಲು ಪಾಲು ಬಾರ್‌ನ ಮುಂದೆ ನಿಂತೇ ಕಳೆದಳು. ಹೆಬ್ಬೆರಳನ್ನು ಒಳಗಿಟ್ಟು ಅದರ ಮೇಲೆ ಬೆರಳುಗಳನ್ನು ಬಿಗಿದಳು. ಹಾಗೆ ಹಿಡಿದರೆ ಹೆಬ್ಬೆರಳು ನುಜ್ಜುಗುಜ್ಜಾಗುತ್ತದೆ, ಬಾರ್ ಮಾತ್ರ ಜಾರುವುದಿಲ್ಲ. ಎಳೆದಾಗ ಮೊದಲು ಬಾರ್ ಬಾಗಿತು, ಪ್ಲೇಟ್‌ಗಳು ಆಮೇಲೆ ನೆಲ ಬಿಟ್ಟವು. ಮಂಡಿಯ ಹತ್ತಿರ ಬಂದಾಗ ಅದು ನಿಂತೇಬಿಟ್ಟಿತು ಅನಿಸಿತು. ಅಲ್ಲಿ ಬಾರ್ ಚೂರು ಕೆಳಗಿಳಿದರೂ, ತೊಡೆಯ ಮೇಲೆ ಊರಿಕೊಂಡು ಜರುಗಿಸಿದರೂ ಲಿಫ್ಟ್ ಹೋಯಿತು. ಅವಳು ಇಳಿಸಲಿಲ್ಲ, ಊರಲೂ ಇಲ್ಲ. ತೋಳು ನಡುಗುತ್ತಿದ್ದವು, ಕಣಕಾಲಿನ ಮೇಲಿನ ಉದ್ದ ಸಾಕ್ಸಿನಲ್ಲಿ ಬಾರ್ ಉಜ್ಜಿದ ಗೆರೆ ಕಾಣುತ್ತಿತ್ತು. ಮಂಡಿ ಬಿಗಿದು, ಭುಜ ಹಿಂದಕ್ಕೆ ಹೋಗಿ ನೆಟ್ಟಗೆ ನಿಂತಾಗ ಮುಖ್ಯ ತೀರ್ಪುಗಾರರು ಕೈ ಕೆಳಗೆ ಮಾಡಿ 'ಡೌನ್' ಎಂದರು. ಎರಡು ಬಿಳಿ, ಒಂದು ಕೆಂಪು. 345 ಟೋಟಲ್. ಎದುರಾಳಿ ತನ್ನ ಕೊನೆಯ ಅವಕಾಶದಲ್ಲಿ 165ಕ್ಕೆ ಕೈಹಾಕಿದಳು, ಬಾರ್ ಕೈಜಾರಿತು. ನಮ್ಮವಳು ಎಂಟನೇ ಸ್ಥಾನದಿಂದ ಏಳನೆಯದಕ್ಕೆ ಏರಿದಳು. ವೇದಿಕೆಯ ಹಿಂದೆ ಮೊದಲು ಬಂದು ಅವಳ ಕೈಕುಲುಕಿದ್ದು ಅದೇ ಎದುರಾಳಿ.

ಇದನ್ನು ನಿಮ್ಮ ವರದಿಗಾರರು 'ಕುಸಿದರು' ಎಂದು ಬರೆದಿದ್ದಾರೆ. ಹನ್ನೊಂದು ಮಂದಿಯ ವರ್ಗದಲ್ಲಿ, ಒಂಬತ್ತು ಅವಕಾಶಗಳಲ್ಲಿ ಎಂಟನ್ನು ಸಿಂಧುಗೊಳಿಸಿ, ತನ್ನ ಜೀವನದ ಅತ್ಯುತ್ತಮ ಟೋಟಲ್ ಮಾಡಿ ಬಂದವಳ ಬಗ್ಗೆ ಈ ಮಾತು! ಅವಳ ತಂದೆ ಆ ಪತ್ರಿಕೆಯ ತುಣುಕನ್ನು ಕತ್ತರಿಸಿ ಇಟ್ಟುಕೊಂಡಿದ್ದಾರೆ. ಮಗಳ ಹೆಸರು ಅಚ್ಚಾಗಿದೆ ಎಂಬುದೇ ಅವರಿಗೆ ಸಂತೋಷ. ಅವಳು ಅದನ್ನು ಓದಿ ಏನೂ ಹೇಳಲಿಲ್ಲ. ಮಾರನೆಯ ದಿನ ತರಬೇತಿಗೆ ಬಂದಳು, ಎಂದಿನಂತೆ ಮಾತಾಡಲಿಲ್ಲ. ಹತ್ತೊಂಬತ್ತು ವರ್ಷದವರಿಗೆ ಅಚ್ಚಾದ ಒಂದು ಸಾಲು ಎಷ್ಟು ಭಾರವಾಗುತ್ತದೆಂದು ಬರೆಯುವವರಿಗೆ ತಿಳಿದಿರಬೇಕು.

ಇದರಿಂದ ಮನಸ್ಸು ನೋಯುವುದಷ್ಟೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ನಮ್ಮ ತಂಡದ ಬಹುಪಾಲು ಮಂದಿ ವಿಮಾನದ ಟಿಕೆಟಿನಿಂದ ಹಿಡಿದು ಪ್ರವೇಶ ಶುಲ್ಕದವರೆಗೆ ತಮ್ಮ ಕೈಯಿಂದಲೇ ಹಾಕಿ ಹೋಗುತ್ತಾರೆ. ಪ್ರಾಯೋಜಕರು, ಸನ್ಮಾನ ಮಾಡುವವರು, ನೆರವು ಮಂಜೂರು ಮಾಡುವವರು ನೋಡುವುದು ಪತ್ರಿಕೆಯ ತುಣುಕನ್ನು. ತುಣುಕಿನಲ್ಲಿ ಪದಕದ ಎಣಿಕೆ ಮಾತ್ರ ಇದ್ದರೆ, ಕಡಿಮೆ ಜನ ಇರುವ ವರ್ಗವನ್ನು ಹುಡುಕಿಕೊಂಡು ಹೋಗುವುದೇ ಜಾಣತನವಾಗಿಬಿಡುತ್ತದೆ. ದೊಡ್ಡ ವರ್ಗಕ್ಕೆ ಹೋಗಿ ಏಳನೇ ಸ್ಥಾನಕ್ಕೆ ಬೆವರು ಸುರಿಸುವವರು ಮುಂದಿನ ವರ್ಷ ಮನೆಯಲ್ಲೇ ಉಳಿಯುತ್ತಾರೆ. ಹೀಗೆ ಉಳಿದವರನ್ನು ನಾನು ಕಂಡಿದ್ದೇನೆ.

ಯಾವ ಸ್ಪರ್ಧೆ ಎಂಬುದನ್ನೂ ಬರೆಯಬೇಕು. ಕ್ಲಾಸಿಕ್ ವಿಭಾಗದಲ್ಲಿ ಬೆಲ್ಟ್, ಮಂಡಿಯ ಸ್ಲೀವ್ಸ್, ಮಣಿಕಟ್ಟಿನ ಪಟ್ಟಿ ಇಷ್ಟಕ್ಕೇ ಅವಕಾಶ. ಇಕ್ವಿಪ್ಡ್ ವಿಭಾಗದಲ್ಲಿ ಮೈಯನ್ನು ಹಿಡಿದು ಮೇಲಕ್ಕೆ ಚಿಮ್ಮಿಸುವ ಬಿಗಿಯಾದ ಸೂಟ್, ಬೆಂಚ್ ಶರ್ಟ್, ಮಂಡಿಗೆ ಸುತ್ತುವ ಪಟ್ಟಿ ಇರುತ್ತವೆ. ಅಲ್ಲಿ ಏಳುವ ತೂಕವೇ ಬೇರೆ, ಬೇಕಾದ ಕೌಶಲವೇ ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ಇಬ್ಬರಿಗೂ ಅನ್ಯಾಯ.

ಉದ್ದೀಪನ ಮದ್ದಿನ ಪರೀಕ್ಷೆ ಇದೆಯೇ ಇಲ್ಲವೇ ಎಂಬುದೂ ಓದುಗರಿಗೆ ಗೊತ್ತಾಗಬೇಕಾದ ಸಂಗತಿ. ಐಪಿಎಫ್ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ, ಅಂದರೆ ವಾಡಾದ, ಸಂಹಿತೆಗೆ ಸಹಿ ಹಾಕಿದ ಸಂಸ್ಥೆ. ಎಲ್ಲ ಫೆಡರೇಷನ್‌ಗಳೂ ಹಾಗಿಲ್ಲ. ಈ ಸಲ ನಮ್ಮ 83 ಕೆ.ಜಿ. ವರ್ಗದ ಹುಡುಗನನ್ನು ಪರೀಕ್ಷೆಗೆ ಆರಿಸಿದರು. ಕೊನೆಯ ಲಿಫ್ಟ್ ಮುಗಿಸಿ ಕೆಳಗಿಳಿದ ಕ್ಷಣದಿಂದ ಒಬ್ಬರು ಅವನ ಪಕ್ಕ ಬಿಡಲಿಲ್ಲ. ಶೌಚಾಲಯದಲ್ಲೂ ಕಣ್ಣ ಮುಂದೆಯೇ ಮಾದರಿ ಕೊಡಬೇಕು. ಮೈಯಲ್ಲಿ ನೀರಿಲ್ಲ, ಮೂತ್ರ ಬರುತ್ತಿಲ್ಲ. ಹೆಚ್ಚು ನೀರು ಕುಡಿದರೆ ಮಾದರಿ ತೆಳುವಾಗಿ ಮತ್ತೊಮ್ಮೆ ಕೊಡಬೇಕಾಗುತ್ತದೆ. ತಂಡದ ಉಳಿದವರು ಕೋಣೆಗೆ ಹೋಗಿ ಮಲಗಿದ ಎಷ್ಟೋ ಹೊತ್ತಿನ ಮೇಲೆ, ಎ ಮತ್ತು ಬಿ ಎಂಬ ಎರಡು ಬಾಟಲಿಗಳಿಗೆ ತಾನೇ ಹಂಚಿ ಸುರಿದು, ಮುಚ್ಚಳ ಬಿಗಿದು, ಕಾಗದಕ್ಕೆ ಸಹಿ ಹಾಕಿ ಹೊರಬಂದ. ಇಷ್ಟು ಕಟ್ಟುನಿಟ್ಟಿಗೆ ಒಡ್ಡಿಕೊಂಡು ಬಂದ ಐದನೇ ಸ್ಥಾನಕ್ಕೂ ಪರೀಕ್ಷೆಯೇ ಇಲ್ಲದ ಕಡೆಯ ಚಿನ್ನಕ್ಕೂ ಇರುವ ವ್ಯತ್ಯಾಸವನ್ನು ಓದುಗರ ಮುಂದೆ ಇಡಿ, ತೀರ್ಮಾನವನ್ನು ಅವರಿಗೆ ಬಿಡಿ.

ಈ ಆಟದಲ್ಲಿ ತೂಕದ ಅಂಕಿಗೇ ಆಯುಷ್ಯ ಹೆಚ್ಚು. ಅಮೆರಿಕದ ಜೀಸಸ್ ಒಲಿವಾರೆಸ್ 2023ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಸ್ಕ್ವಾಟ್ 470, ಬೆಂಚ್ 272.5, ಡೆಡ್‌ಲಿಫ್ಟ್ 410 ಎತ್ತಿ 1152.5 ಕೆ.ಜಿ. ಟೋಟಲ್ ಮಾಡಿದರು. ನಮ್ಮ ಜಿಮ್ಮಿನ ಹುಡುಗರಿಗೆ ಆ ನಾಲ್ಕೂ ಅಂಕಿ ಬಾಯಿಪಾಠ. ಜಪಾನಿನ ಹಿದೆಆಕಿ ಇನಾಬಾ 52 ಕೆ.ಜಿ. ವರ್ಗದಲ್ಲಿ 1974ರಿಂದ 1991ರ ನಡುವೆ ಹದಿನೇಳು ವಿಶ್ವ ಪ್ರಶಸ್ತಿ ಗೆದ್ದವರು. ಅವರ ಬಗ್ಗೆ ಹಳೆಯ ತರಬೇತುದಾರರು ಮಾತಾಡುವಾಗ ಮೊದಲು ಬರುವ ಮಾತು, ಅಷ್ಟು ಪುಟ್ಟ ದೇಹ ಅಷ್ಟು ಭಾರ ಹೇಗೆ ಎತ್ತಿತು ಎಂಬುದು. ಬೇರೆ ಬೇರೆ ದೇಹತೂಕದವರನ್ನು ಹೋಲಿಸಲು 2020ರಿಂದ ಐಪಿಎಫ್ ಜಿಎಲ್ ಎಂಬ ಅಂಕ ಪದ್ಧತಿ ಬಳಕೆಯಲ್ಲಿದೆ. ವರದಿಗಾರರು ಅದರ ಸೂತ್ರವನ್ನು ಕಲಿಯಬೇಕಾಗಿಲ್ಲ, ಫಲಿತಾಂಶದ ಪಟ್ಟಿಯಲ್ಲೇ ಅದು ಅಚ್ಚಾಗಿರುತ್ತದೆ.

ಹೆಚ್ಚು ಜಾಗ ಬೇಕೆಂದು ಕೇಳುತ್ತಿಲ್ಲ. ನಮ್ಮ ಹುಡುಗಿಯ ಬಗ್ಗೆ ನೀವು ಬರೆದ ಸಾಲಿನಷ್ಟೇ ಜಾಗದಲ್ಲಿ ಇದು ಹಿಡಿಯುತ್ತದೆ: 'ಜೂನಿಯರ್ ಮಹಿಳೆಯರ 57 ಕೆ.ಜಿ., ಕ್ಲಾಸಿಕ್: ಸ್ಕ್ವಾಟ್ 125, ಬೆಂಚ್ 65, ಡೆಡ್‌ಲಿಫ್ಟ್ 155, ಒಟ್ಟು 345 ಕೆ.ಜಿ., ಹನ್ನೊಂದು ಸ್ಪರ್ಧಿಗಳಲ್ಲಿ ಏಳನೇ ಸ್ಥಾನ.' ತಂಡದ ಕಡೆಯವರು ಕಳಿಸುವ ಪತ್ರಿಕಾ ಪ್ರಕಟಣೆಯಲ್ಲಿ ಈ ವಿವರ ಇಲ್ಲದಿದ್ದರೆ ಕೇಳಿ ತರಿಸಿಕೊಳ್ಳಿ. ಕೊಡಲು ಹಿಂಜರಿದರೆ ಏಕೆಂದು ಕೇಳಿ. ಅಧಿಕೃತ ಪಟ್ಟಿಯಲ್ಲಿ ಪ್ರತಿ ಸ್ಪರ್ಧಿಯ ದೇಹತೂಕವೂ ಒಂಬತ್ತು ಅವಕಾಶಗಳ ತೂಕವೂ ಯಾವುದು ಸಿಂಧು, ಯಾವುದು ಅಸಿಂಧು ಎಂಬ ಗುರುತಿನೊಂದಿಗೆ ಇರುತ್ತವೆ. ಅದನ್ನು ಮುಚ್ಚಿಡುವ ಪ್ರಾಮಾಣಿಕ ಕಾರಣ ಯಾವುದೂ ನನಗೆ ಹೊಳೆಯುವುದಿಲ್ಲ.

ನಮ್ಮ ತಂಡದ ಎಲ್ಲರ ಪೂರ್ಣ ಫಲಿತಾಂಶದ ಪಟ್ಟಿಯನ್ನು ಈ ಪತ್ರದ ಜೊತೆ ಲಗತ್ತಿಸಿದ್ದೇನೆ. ಕ್ರೀಡಾಪುಟದಲ್ಲಿ ತಿದ್ದುಪಡಿ ಹಾಕುವುದಾದರೆ ಆಟದ ಹೆಸರನ್ನೂ, ಹಿರಿಯರು ಎತ್ತಿದ ತೂಕವನ್ನೂ, 57 ಕೆ.ಜಿ. ವರ್ಗದ ಸಾಲನ್ನೂ ಸೇರಿಸಬೇಕೆಂದು ವಿನಂತಿ. ಮೂರರಲ್ಲಿ ಒಂದಕ್ಕೇ ಜಾಗವಿದ್ದರೆ 57 ಕೆ.ಜಿ.ಯದನ್ನು ಹಾಕಿ. ಹಿರಿಯರೂ ಹಾಗೆಯೇ ಹೇಳಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ಪವರ್‌ಲಿಫ್ಟಿಂಗ್ ತಂಡದ ಸಹಾಯಕ ತರಬೇತುದಾರ